ನಮ್ಮ ಭಾವನ ಬಸ್ ಸರ್ವರ್

ನಮ್ಮ ಭಾವನಿಗೆ ತಲೆ ಕೆಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದನ್ನೆಲ್ಲ ಕೇಳಿದ ಮೇಲೆ ಹೇಳಿದರೆ ನೀವು ಖಂಡಿತ ಒಪ್ಪುವುದಿಲ್ಲ. ಬೇಕಾದರೆ ಮಧುಗಿರಿಯಲ್ಲಿ ಅವರ ಬೀದಿಯವರನ್ನು ಕೇಳಿ. "ಕೆಟ್ಟೇನಿಲ್ಲ ಬುಡಮ್ಮ, ವಸಿ ಜಾಸ್ತಿ ಆಗ್ಬುಟ್ಟೈತೆ ಅಷ್ಟೇಯ" ಅನ್ನುತ್ತಾರೆ. ನನ್ನ ಅಕ್ಕನನ್ನು ಮಾತ್ರ ಕೇಳಬೇಡಿ. ಅವಳು ಮೂವತ್ತೆಂಟು ವರ್ಷದಿಂದ ಆ ತಲೆಯ ಜೊತೆ ಸಂಸಾರ ಮಾಡುತ್ತಿರುವವಳು. ಅವಳ ಉತ್ತರ ಅಚ್ಚು ಹಾಕಿಸುವಂಥದ್ದಲ್ಲ.

ನಾನು ಕೊರಟಗೆರೆಯಲ್ಲಿ ಪಿಯುಸಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುವವಳು. ಅಂದರೆ ಪುಸ್ತಕದಲ್ಲಿರುವುದನ್ನು ಬೋರ್ಡಿಗೆ, ಬೋರ್ಡಿನಲ್ಲಿರುವುದನ್ನು ಮಕ್ಕಳ ನೋಟ್ಸಿಗೆ ಸಾಗಿಸುವ ಕೆಲಸ. ನಿಜವಾದ ಸರ್ವರ್ ಅನ್ನುವುದನ್ನು ನಾನು ಕಣ್ಣಾರೆ ಕಂಡದ್ದೇ ಭಾವನ ಮನೆಯಲ್ಲಿ. ಅದೂ ಎಲ್ಲಿ? ಅಕ್ಕ ಉಪ್ಪಿನಕಾಯಿ ಜಾಡಿ ಇಡುತ್ತಿದ್ದ ಕೋಣೆಯಲ್ಲಿ! ತಂಪಾಗಿರುತ್ತದೆ ಎಂದು ಜಾಡಿಗಳನ್ನು ಅಲ್ಲಿಟ್ಟಿದ್ದಳು. ತಂಪಾಗಿರುತ್ತದೆ ಎಂದೇ ಭಾವ ಜಾಡಿಗಳನ್ನು ಎತ್ತಿಸಿ ಸರ್ವರ್ ಇಟ್ಟರು. ಅವತ್ತಿನಿಂದ ಆ ಮನೆಯಲ್ಲಿ ಉಪ್ಪಿನಕಾಯಿ ಬೇಗ ಕೆಡುತ್ತದೆ, ಅಕ್ಕನ ಮೂಡು ಅದಕ್ಕಿಂತ ಬೇಗ ಕೆಡುತ್ತದೆ.

ಭಾವ ಮೂವತ್ತು ವರ್ಷ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ನಾಲ್ಕು ತಾಲ್ಲೂಕಿನ ಕಚೇರಿಗಳಲ್ಲಿ ಇವತ್ತು ಕೀಲಿ ಒತ್ತುತ್ತಿರುವ ಬೆರಳುಗಳಲ್ಲಿ ಅರ್ಧಕ್ಕರ್ಧ ಭಾವನ ಮರದ ಸ್ಕೇಲಿನ ರುಚಿ ಕಂಡವು. ಟೈಪ್‌ರೈಟರ್ ಕಾಲ ಮುಗಿದಾಗ ಅವರ ಓರಗೆಯವರೆಲ್ಲ ಜೆರಾಕ್ಸ್ ಅಂಗಡಿ ಇಟ್ಟರು. ನಮ್ಮ ಭಾವ ಏನು ಮಾಡಿದರು? ಇಟ್ಟಿಗೆಯಷ್ಟು ದಪ್ಪದ ಪುಸ್ತಕ ತಂದು, ಮೂರು ವರ್ಷ ಓದಿ, ಸಿ ಎಂಬ ಭಾಷೆಯಲ್ಲಿ ತಮ್ಮದೇ ಒಂದು ವೆಬ್ ಸರ್ವರ್ ಬರೆದರು!

"ರೆಡಿಮೇಡ್ ಸಿಗುತ್ತಲ್ಲ ಭಾವ, ಅದೂ ಪುಕ್ಕಟೆ?" ಅಂದೆ.

"ರೆಡಿಮೇಡ್ ಅಂಗಿ ನಿಮ್ಮಕ್ಕ ತಂದ್ಳು ಕಣಮ್ಮಿ. ಕಂಕುಳಲ್ಲಿ ಹಿಡ್ಕಂತು," ಅಂದರು. ಅಲ್ಲಿಗೆ ಚರ್ಚೆ ಮುಗಿಯಿತು.

ಆ ಸರ್ವರ್ ಮಾಡುವ ಕೆಲಸ ಬಹಳ ಸರಳ. ನೀವು ಫೋನಿನಲ್ಲಿ ಭಾವನ ಪುಟ ತೆರೆದು, ನಿಂತಿರುವ ಊರು ಯಾವುದು, ಹೋಗಬೇಕಾದ ಊರು ಯಾವುದು ಅಂತ ಒತ್ತಿದರೆ, ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುತ್ತದೆ. ನಮ್ಮ ಕಡೆಯ ಪ್ರೈವೇಟ್ ಬಸ್ ಕಂಡಕ್ಟರ್‌ಗಳಲ್ಲಿ ಬಹಳ ಜನ ಭಾವನ ಹಳೇ ಶಿಷ್ಯರು. ಪಾಸಾದವರು ಕಚೇರಿ ಸೇರಿದರು, ಡುಮ್ಕಿ ಹೊಡೆದವರು ಬಸ್ಸು ಹತ್ತಿದರು. ಒಂದೊಂದು ಸ್ಟಾಪು ಬಿಟ್ಟಾಗಲೂ ಅವರು ಗುರುಗಳಿಗೆ ಒಂದು ಮೆಸೇಜ್ ಕಳಿಸುತ್ತಾರೆ, ಸರ್ವರ್ ಅದನ್ನು ನೋಡಿಕೊಂಡು ಲೆಕ್ಕ ಹಾಕುತ್ತದೆ. ಮೆಸೇಜನ್ನು ಹತ್ತೂ ಬೆರಳು ಬಳಸಿ ಒತ್ತಬೇಕೆಂದು ಭಾವನ ತಾಕೀತು. ಹಾಗಾದರೆ ಟಿಕೆಟ್ ಹರಿಯುವುದು ಯಾವ ಕೈಯಲ್ಲಿ ಅಂತ ಇದುವರೆಗೆ ಯಾರಿಗೂ ಕೇಳುವ ಧೈರ್ಯ ಬಂದಿಲ್ಲ.

ಆದರೆ ನಮ್ಮ ಬಸ್ಸುಗಳ ಕಾಯಿದೆ ದಿನಕ್ಕೊಂದು! ಮದುವೆ ಸೀಸನ್ನಿನಲ್ಲಿ ಬರಗೂರಿನ ಬಸ್ಸು ದಿಬ್ಬಣ ಹೊತ್ತುಕೊಂಡು ಯಾವುದೋ ಛತ್ರದ ಮುಂದೆ ನಿಂತಿರುತ್ತದೆ. ಶುಕ್ರವಾರ ಬಂತೆಂದರೆ ಐ.ಡಿ.ಹಳ್ಳಿ ಕಡೆಯ ಬಸ್ಸು ಇದ್ದಕ್ಕಿದ್ದಂತೆ ಗೊರವನಹಳ್ಳಿ ಲಕ್ಷ್ಮಿಯ ಭಕ್ತನಾಗಿಬಿಡುತ್ತದೆ. ಇದನ್ನೆಲ್ಲ ಸಿ ಭಾಷೆಯಲ್ಲಿ ಬರೆದರೆ, ಪ್ರತಿ ಸಲ ಸರ್ವರ್ ನಿಲ್ಲಿಸಿ, ತಿದ್ದಿ, ಮತ್ತೆ ಮೊದಲಿಂದ ಕಟ್ಟಬೇಕು. ಅದಕ್ಕೆ ಭಾವ ಸರ್ವರಿನ ಹೊಟ್ಟೆಯೊಳಗೆ ಇನ್ನೊಂದು ಪುಟಾಣಿ ಭಾಷೆಯನ್ನು ಕೂರಿಸಿದರು. ಸ್ಕ್ರಿಪ್ಟ್ ಭಾಷೆ ಅನ್ನುತ್ತಾರೆ; ಓಡುತ್ತಿರುವಾಗಲೇ ತಿದ್ದಬಹುದು.

"ಸಿ ಅನ್ನಾದು ಕಲ್ಲು ಗ್ವಾಡೆ," ಎಂದು ನನಗೆ ಪಾಠ ಹೇಳಿದರು. "ದಿನಾ ಗ್ವಾಡೆ ಒಡ್ಯಕಾಯ್ತದಾ? ಅದಕ್ಕೆ ಗ್ವಾಡೇಲಿ ಒಂದು ಗೂಡು ಮಾಡಿ, ಒಬ್ಬ ಗುಮಾಸ್ತನ್ನ ಕುಂಡ್ರಿಸಿವ್ನಿ. ಇವತ್ತಿನ ಕಾಯಿದೆ ಏನು ಅಂತ ಚೀಟೀಲಿ ಬರ್ದು ಅವನ ಕೈಗೆ ಕೊಟ್ರೆ ಮುಗೀತು."

"ಹಾಗಾದ್ರೆ ತೊಂದರೆ ಏನು ಭಾವ?"

"ಪ್ರಶ್ನೆ ಹೊತ್ಕೊಂಡು ಬರೋ ಜವಾನ್ರು ಹದಿನಾರು ಜನ. ಥ್ರೆಡ್ಡು ಅಂತಾರೆ. ಗುಮಾಸ್ತ ಒಬ್ನೇ. ಎಲ್ರೂ ಒಟ್ಗೆ ಮೇಲೆ ಬಿದ್ರೆ ಅವನು ಇವ್ನ ಪ್ರಶ್ನೆಗೆ ಅವ್ನ ಉತ್ರ ಬರ್ಕೊಟ್ಬುಡ್ತಾನೆ. ಅದಕ್ಕೆ ಒಂದು ಬೀಗ ಮಡಗಿವ್ನಿ. ಬೀಗದ ಕೈ ಯಾರ ತಾವ ಐತೋ ಅವನು ಮಾತ್ರ ಗುಮಾಸ್ತನ್ನ ಮಾತಾಡ್ಸಬೇಕು. ಮಿಕ್ಕೋರು ಸಾಲಲ್ಲಿ ನಿಂತ್ಕೊಬೇಕು."

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಭಾವನಿಗೆ ಏನಾದರೂ ಹೊಳೆದರೆ ಅದನ್ನು ಮನೆಯಲ್ಲೂ ಜಾರಿಗೆ ತರಬೇಕು! ನನ್ನ ತಮ್ಮನ ಗೃಹಪ್ರವೇಶದ ಊಟಕ್ಕೆ ಯಾವ ಸಿಹಿ ಮಾಡಿಸುವುದು ಅಂತ ಒಂದು ಭಾನುವಾರ ಅಕ್ಕನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ನಮ್ಮ ಮನೆತನದ ಪದ್ಧತಿಯಂತೆ ಹನ್ನೊಂದು ಜನ ಒಟ್ಟಿಗೆ ಮಾತಾಡುತ್ತಿದ್ದೆವು, ಕೇಳುವವರು ಯಾರೂ ಇರಲಿಲ್ಲ. ಭಾವ ಎದ್ದುಹೋಗಿ ಅಡುಗೆಮನೆಯಿಂದ ಸಾರಿನ ಸೌಟು ತಂದು ಚಾಪೆಯ ನಡುವೆ ಇಟ್ಟರು. "ಇದು ಯಾರ ಕೈಲೈತೋ ಅವರು ಮಾತ್ರ ಮಾತಾಡ್ಬೇಕು. ಮುಗಿದ್ಮೇಲೆ ಕೆಳೀಕಿಡಬೇಕು. ಆಮ್ಯಾಕೆ ಇನ್ನೊಬ್ರು."

ನಮ್ಮಮ್ಮ ಸೌಟು ಕೈಗೆತ್ತಿಕೊಂಡರು. ಹೋಳಿಗೆಯಿಂದ ಶುರುವಾಗಿ, ತಮ್ಮ ಮದುವೆಯಲ್ಲಿ ಹೋಳಿಗೆ ಸಾಲದೆ ಹೋದದ್ದು, ಅದಕ್ಕೆ ಕಾರಣರಾದ ಮೂರು ಜನ, ಆ ಮೂರು ಜನರ ಮಕ್ಕಳು ಈಗ ಏನಾಗಿದ್ದಾರೆ ಅನ್ನುವವರೆಗೆ ಒಂದೂಕಾಲು ಗಂಟೆ ಮಾತಾಡಿದರು. ಸೌಟು ಕೆಳಗಿಳಿಯಲಿಲ್ಲ. ಎಪ್ಪತ್ತೊಂಬತ್ತು ವರ್ಷದಿಂದ ಇಂಥದ್ದೊಂದು ಅವಕಾಶಕ್ಕೆ ಕಾದಿದ್ದವರು, ಸಿಕ್ಕಿದ್ದನ್ನು ಬಿಡುತ್ತಾರೆಯೇ?

ನಾನು ಭಾವನ ಕಿವಿಯಲ್ಲಿ ಕೇಳಿದೆ: "ಬೀಗ ಹಿಡಿದೋರು ಬಿಡದೇ ಇದ್ರೆ ಏನ್ಮಾಡಬೇಕು ಅಂತ ನಿಮ್ಮ ಪುಸ್ತಕದಲ್ಲಿ ಬರೆದಿದ್ಯಾ?"

"ಬರ್ದವ್ರೆ. ಆಫ್ ಮಾಡಿ ಆನ್ ಮಾಡ್ಬೇಕು." ಅತ್ತೆಯ ಕಡೆ ಒಂದು ಸಲ ನೋಡಿ ನಿಟ್ಟುಸಿರು ಬಿಟ್ಟರು. "ಇಲ್ಲಿ ಸ್ವಿಚ್ಚು ಎಲ್ಲೈತೋ ಗೊತ್ತಿಲ್ಲ ಕಣಮ್ಮಿ."

ಸರ್ವರಿನಲ್ಲಿ ಬೀಗ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಒಂದು ಉತ್ತರವೂ ತಪ್ಪುತ್ತಿರಲಿಲ್ಲ. ಆದರೆ ಸಾಲು ಬೆಳೆಯಿತು. ಜನ ಪುಟ ತೆರೆದು, ಉತ್ತರ ಬರುವುದರೊಳಗೆ ಎಲೆ ಅಡಿಕೆ ಹಾಕಿಕೊಂಡು, ಉಗಿದು, ಮತ್ತೊಂದು ಸಲ ಹಾಕಿಕೊಳ್ಳುವಷ್ಟು ಹೊತ್ತಾಗುತ್ತಿತ್ತು. ಪಾವಗಡದ ಒಬ್ಬ ಕಂಡಕ್ಟರ್ ಫೋನು ಮಾಡಿ, "ಏಂ ಸಾರ್ ನಿಮ್ ಪೇಜು! ಅದು ತೆರ್ಕೊಳ್ಳಾದ್ರೊಳಗೆ ನಮ್ ಬಸ್ಸು ಎಲ್ಲಿಪೋತುಂದಿ!" ಅಂದ. ಬಸ್ಸೇ ಹೊರಟುಹೋಗುತ್ತದಂತೆ! ಶಿಷ್ಯನ ಬಾಯಲ್ಲಿ ಈ ಮಾತು ಕೇಳಿ ಭಾವನಿಗೆ ಮುಖಕ್ಕೆ ಹೊಡೆದಂತಾಯಿತು. ಟೈಪಿಂಗ್ ಕಲಿಸುವಾಗ ತಪ್ಪೂ ಇರಬಾರದು, ನಿಧಾನವೂ ಇರಬಾರದು ಅಂತ ಎರಡಕ್ಕೂ ಸ್ಕೇಲು ಬೀಸಿದ ಮನುಷ್ಯ ಅಲ್ಲವೇ?

ಅದೇ ವಾರ ಸಿರಾಕ್ಕೆ ಯಾವುದೋ ಕೆಲಸಕ್ಕೆ ಹೋದವರು ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತುಬಿಟ್ಟರಂತೆ. ಒಂದೇ ಕಾವಲಿ, ಆರು ದೋಸೆ, ಬೀಗ ಇಲ್ಲ, ಸಾಲಿಲ್ಲ! ಭಟ್ಟ ಒಂದಕ್ಕೆ ಎಣ್ಣೆ, ಇನ್ನೊಂದಕ್ಕೆ ಪಲ್ಯ, ಮತ್ತೊಂದನ್ನು ಮಗುಚು ಅಂತ ಸರಸರ ನಡೆಸಿದ್ದಾನೆ. ಭಾವ ವಾಚು ಹಿಡಿದು ಲೆಕ್ಕ ಹಾಕುತ್ತಾ ನಿಂತದ್ದು ನೋಡಿ ಅವನು, "ಅರೆ ಸಾಬ್, ದೋಸೆ ತಿನ್ನಾಕೆ ಬಂದ್ರಾ, ಪರೀಕ್ಷೆ ಮಾಡಾಕೆ ಬಂದ್ರಾ?" ಅಂದನಂತೆ. ಭಾವನಿಗೆ ಜ್ಞಾನೋದಯವಾಯಿತು. ಮನೆಗೆ ಬಂದವರೇ ಸರ್ವರಿನ ಬೀಗ ಕಿತ್ತು ಹಾಕಿದರು.

ಅವತ್ತು ಅವರು ಹೇಳಿದ್ದು ಮಸಾಲೆ, ತಟ್ಟೆಗೆ ಬಂದದ್ದು ಖಾಲಿ ದೋಸೆ. ತಲೆಯಲ್ಲಿ ಸರ್ವರ್ ತುಂಬಿಕೊಂಡಿದ್ದರಿಂದ ಗೊತ್ತಾಗದೆ ತಿಂದು ಬಂದಿದ್ದರು. ಇದನ್ನು ಅವರೇ ಒಂದು ತಿಂಗಳಾದ ಮೇಲೆ ನೆನಪಿಸಿಕೊಂಡು ನನಗೆ ಹೇಳಿದರು. ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿತ್ತು.

ಬೀಗ ಹೋದದ್ದೇ ತಡ, ಸರ್ವರ್ ಗಾಳಿಯಂತೆ ಓಡತೊಡಗಿತು. ಜೊತೆಗೆ ಬಾಯಿಗೆ ಬಂದದ್ದನ್ನೂ ಹೇಳತೊಡಗಿತು. ಯಾವಾಗಲೂ ಅಲ್ಲ, ಅಲ್ಲೊಂದು ಇಲ್ಲೊಂದು. ಬರಗೂರಿನ ಒಂದು ಮನೆಯ ಚಿಕ್ಕ ಸೊಸೆ ಅಂಗನವಾಡಿ ಕೆಲಸದ ಸಂದರ್ಶನಕ್ಕೆ ಸಿರಾಕ್ಕೆ ಹೊರಟವಳು ಬೆಳಿಗ್ಗೆ ಪುಟ ನೋಡಿದರೆ, ಮುಂದಿನ ಬಸ್ಸು ಸಂಜೆ ನಾಲ್ಕೂ ಮುಕ್ಕಾಲಿಗೆ ಅಂದಿತು. ಸಂಜೆವರೆಗೆ ಬಸ್ಸೇ ಇಲ್ಲವಲ್ಲ ಅಂತ ಆ ಹೆಣ್ಣುಮಗಳು ಅಳುತ್ತಾ ಕೂತಳು. ಎಂದಿನ ಬಸ್ಸು ಎಂದಿನ ಹೊತ್ತಿಗೆ ಬಂದು, ಹಾರ್ನ್ ಹೊಡೆದು, ಹೋಗಿಯೇಬಿಟ್ಟಿತು.

ಈ ಸುದ್ದಿ ಕಂಡಕ್ಟರ್ ಬಾಯಿಂದ ಭಾವನ ಕಿವಿಗೆ ಬಿತ್ತು. ಆ ಮುಖ ನಾನು ಎಂದೂ ಮರೆಯುವುದಿಲ್ಲ. ಬಿಳಿಚಿಕೊಂಡುಬಿಟ್ಟಿತ್ತು. "ನನ್ನ ಮಿಷಿನ್ನು ಒಂದು ಹೆಣ್ಣುಮಗೀನ ಅನ್ನ ಕಿತ್ಕಂತು," ಅಂದರು. ಫೋನಿನಲ್ಲಿ ಕ್ಷಮೆ ಕೇಳಿದರೆ ಸಾಲದು, ಕಾಲಿಗೆ ಬಿದ್ದು ಕೇಳಬೇಕು ಅಂತ ಬುಧವಾರ ಬರಗೂರಿಗೆ ಹೊರಟರು. ಜೊತೆಗೆ ಹೋಗು ಅಂತ ಅಕ್ಕ ನನ್ನನ್ನು ತಳ್ಳಿದಳು. ನನಗೂ ರಜ ಇತ್ತು, ಕುತೂಹಲ ಅದಕ್ಕಿಂತ ಹೆಚ್ಚಿತ್ತು.

ಬರಗೂರಿನ ಆ ಮನೆಯ ಯಜಮಾನಿ ಒಬ್ಬ ಅಜ್ಜಿ, ಸೊಸೆಯಂದಿರು ಇಬ್ಬರು. ಭಾವ ಜಗಲಿಯ ಮೇಲೆ ಕೂತು, ಒಂದು ಸೇರು ಬೆವರು ಸುರಿಸಿ, ಗುಮಾಸ್ತ, ಜವಾನರು, ಬೀಗ ಎಲ್ಲವನ್ನೂ ವಿವರಿಸಿದರು. ಚಿಕ್ಕ ಸೊಸೆ ನಕ್ಕುಬಿಟ್ಟಳು. "ಬುಡಿ ಸಾರ್. ಸಂದರ್ಶನ ಮಾಡೋ ಸಾಹೇಬ್ರೂ ಬರ್ಲಿಲ್ವಂತೆ ಅವತ್ತು. ಅವ್ರೂ ನಿಮ್ ಪೇಜೇ ನೋಡಿದ್ರಂತೆ! ಮುಂದಿನ್ವಾರಕ್ಕೆ ಮಡಗವ್ರೆ."

ನನಗೆ ನಗು ತಡೆಯಲಾಗಲಿಲ್ಲ. ಭಾವ ಮಾತ್ರ ಇನ್ನಷ್ಟು ಕುಗ್ಗಿ ಹೋದರು. ಒಂದು ತಪ್ಪು ಅಂತ ಬಂದರೆ ಎರಡಾಯಿತಲ್ಲ!

ಅಜ್ಜಿಗೆ ಕನಿಕರ ಬಂತು. "ಅಯ್ಯೋ ಅದ್ಯಾವ ದೊಡ್ ಇಷ್ಯ ಸ್ವಾಮಿ! ನಮ್ಮನೇಲಿ ದಿನಾ ಆಯ್ತಿತ್ತು. ದೊಡ್ಡೋಳು ಸಾರಿಗೆ ಉಪ್ಪಾಕಿ ಅತ್ಲಾಗೆ ತಿರುಗೋಳು. ಹಾಕಿಲ್ವೇನೋ ಅಂತ ಚಿಕ್ಕೋಳು ಬಂದು ಇನ್ನೊಂದು ಹಿಡಿ ಹಾಕೋಳು. ಉಣ್ಣೋರ ಗಾಚಾರ."

"ಅದಕ್ಕೆ ಏನು ಮಾಡಿದ್ರಿ ಅಜ್ಜಿ?" ಭಾವನ ದನಿ ಪರೀಕ್ಷೆಗೆ ಕೂತ ಹುಡುಗನದು.

"ಇನ್ನೇನ್ ಮಾಡಾದು? ಒಲೇನೇ ಬ್ಯಾರೆ ಮಾಡ್ದೆ! ಅವ್ಳ ಸಾರು ಅವ್ಳಿಗೆ, ಇವ್ಳ ಸಾರು ಇವ್ಳಿಗೆ. ಉಪ್ಪಿನ ಮಡಕೆ ಮಾತ್ರ ನನ್ ತಾವ್ಲೇ ಮಡಿಕಂಡಿವ್ನಿ."

ಭಾವ ಎದ್ದುನಿಂತರು. ಬೀಗ ಹಾಕುವುದೂ ಬೇಡ, ಬೀಗ ಕೀಳುವುದೂ ಬೇಡ. ಹದಿನಾರು ಜವಾನರಿಗೆ ಹದಿನಾರು ಗುಮಾಸ್ತರು! ದಪ್ಪ ಪುಸ್ತಕದ ನಾನೂರನೇ ಪುಟದಲ್ಲಿ ಇದೇ ಬರೆದಿತ್ತಂತೆ, ಆದರೆ ಅಜ್ಜಿ ಹೇಳುವ ತನಕ ಅವರಿಗೆ ಹೊಳೆದಿರಲಿಲ್ಲ. ಚಿಕ್ಕ ಸೊಸೆಯ ಮುಂದೆ ಕೈಮುಗಿದು, "ತಾಯಿ, ಶುಕ್ರವಾರ ಗೊರವನಹಳ್ಳಿ ಜನ ಪೂರಾ ನನ್ನ ಮಿಷಿನ್ನಿನ ಮೇಲೆ ಬೀಳ್ತಾರೆ. ಅವತ್ತು ಇನ್ನೊಬ್ರಿಗೆ ಒಂದು ತಪ್ಪು ಉತ್ರ ಹೋಯ್ತು ಅಂದ್ರೆ, ವೈರು ಕಿತ್ತಾಕಿ ಮಿಷಿನ್ನ ಗುಜರಿಗೆ ಹಾಕ್ತೀನಿ. ಇದು ಮಾತು," ಅಂದರು.

ಮಾತು ಕೊಟ್ಟರೆ ಭಾವ ತಪ್ಪುವವರಲ್ಲ. ಅದೇ ನನಗೆ ಭಯವಾದದ್ದು.

ವಾಪಸು ಬರುವುದಕ್ಕೆ ಬಸ್ಸು ಯಾವಾಗ? ಭಾವ ಠೀವಿಯಿಂದ ಫೋನು ತೆಗೆದು ತಮ್ಮದೇ ಪುಟ ನೋಡಿದರು. ನಾಲ್ಕೂ ಮುಕ್ಕಾಲಿಗೆ! "ಇನ್ನೂ ಮೂರು ಗಂಟೆ ಐತೆ, ಆರಾಮಾಗಿ ಉಣ್ಣಿ," ಅಂತ ಅಜ್ಜಿ ಮುದ್ದೆ ಬಡಿಸಿದರು. ನಾವು ಮುದ್ದೆ ಮುರಿಯುತ್ತಿರುವಾಗ ನಾವು ಹತ್ತಬೇಕಾಗಿದ್ದ ಸಿರಾ ಬಸ್ಸು ಬಾಗಿಲ ಮುಂದೆಯೇ ಹಾದುಹೋಯಿತು. ಅದರ ಕಂಡಕ್ಟರ್ ಬಾಗಿಲಲ್ಲಿ ನಿಂತು ಭಾವನಿಗೆ ಭಕ್ತಿಯಿಂದ ಕೈಮುಗಿದ. ಭಾವನೂ ಎಡಗೈ ಎತ್ತಿ ಆಶೀರ್ವಾದ ಮಾಡಿದರು!

ಅವತ್ತು ಸಂಜೆ ಅಕ್ಕ ನನ್ನನ್ನು ಹಿತ್ತಿಲಿಗೆ ಕರೆದಳು. ಆ ಸರ್ವರಿಗೆ ದಿನಕ್ಕೆ ಮೂರು ಹೊತ್ತು ಶಾಪ ಹಾಕುವವಳು, ಸೆರಗು ಬಾಯಿಗೆ ಒತ್ತಿಕೊಂಡು, "ಲೇ, ನಾಳೆ ಒಂದಿನ ರಜ ಹಾಕೇ. ಅದೇನು ತಪ್ಪಾಗಿದೆ ಅಂತ ನೋಡ್ಕೊಡು. ಮಿಷಿನ್ ಹಾಳಾಗಿ ಹೋಗಲಿ, ಅದು ಹೋದ್ರೆ ಈವಯ್ಯ ಉಳಿಯಲ್ಲ ಕಣೇ. ಇನ್‌ಸ್ಟಿಟ್ಯೂಟ್ ಮುಚ್ಚಿದ ವರ್ಷ ಹೆಂಗಿದ್ರು ಅಂತ ನಾನು ನೋಡಿದ್ದೀನಿ. ಗೋಡೆ ನೋಡ್ಕೊಂಡು ಕೂತಿರೋರು," ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಕಾಲೇಜಿಗೆ ಫೋನು ಮಾಡಿ, ವಾರ ಮುಗಿಯುವವರೆಗೆ ರಜ ಹೇಳಿ ಅಲ್ಲೇ ಉಳಿದೆ.

ಗುರುವಾರ ಬೆಳಿಗ್ಗೆ ನಾನು ಸರ್ವರಿನ ಕೋಣೆಗೆ ಹೋಗುವಷ್ಟರಲ್ಲಿ ಭಾವ ಹದಿನಾರು ಗುಮಾಸ್ತರನ್ನು ಕೂರಿಸಿ ಮುಗಿಸಿದ್ದರು. ಒಬ್ಬೊಬ್ಬ ಜವಾನನಿಗೆ ಒಬ್ಬೊಬ್ಬ, ಒಬ್ಬರ ಚೀಟಿ ಇನ್ನೊಬ್ಬರು ಮುಟ್ಟುವಂತಿಲ್ಲ. ಪುಸ್ತಕದ ಪ್ರಕಾರ ಇನ್ನು ತಪ್ಪಾಗಬಾರದು. ಆದರೂ ಹತ್ತು ಗಂಟೆಗೆ ನಾವೇ ಪರೀಕ್ಷೆ ಮಾಡಿದರೆ ಒಂದು ತಪ್ಪು! ವೇಗವಾದರೂ ಬಂತೇ? ಅದೂ ಇಲ್ಲ. ಬೀಗ ಕಿತ್ತಾಗ ಇದ್ದ ಓಟವೂ ಹೋಗಿ, ಹದಿನಾರು ಜನ ಗುಮಾಸ್ತರು ಒಂದೇ ವಸ್ತುವಿಗೆ ಕಿತ್ತಾಡುವವರಂತೆ ಒದ್ದಾಡುತ್ತಿದ್ದರು.

ಭಾವ ತಲೆಯ ಮೇಲೆ ಕೈ ಹೊತ್ತು ಕೂತರು. ನಾನು ಪಾಠ ಮಾಡುವ ಮೇಷ್ಟ್ರಮ್ಮ. ನನಗೆ ಗೊತ್ತಿರುವುದು ಒಂದೇ, ಮಕ್ಕಳ ತಪ್ಪುಗಳನ್ನು ಪಟ್ಟಿ ಮಾಡುವುದು. ಸರ್ವರ್ ಈವರೆಗೆ ಕೊಟ್ಟ ತಪ್ಪು ಉತ್ತರಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಬರಗೂರಿನವಳು ಸಿರಾ ಬಸ್ಸು ಕೇಳಿದಳು, ನಾಲ್ಕೂ ಮುಕ್ಕಾಲು. ಐ.ಡಿ.ಹಳ್ಳಿಯವನು ಮಧುಗಿರಿ ಬಸ್ಸು ಕೇಳಿದ, ನಾಲ್ಕೂ ಮುಕ್ಕಾಲು. ನಾವು ಮುದ್ದೆ ಮುಂದೆ ಕೂತು ಕೇಳಿದ್ದು, ನಾಲ್ಕೂ ಮುಕ್ಕಾಲು. ಯಾರು ಏನು ಕೇಳಲಿ, ತಪ್ಪು ಉತ್ತರ ಮಾತ್ರ ಒಂದೇ!

"ಭಾವ, ನಾಲ್ಕೂ ಮುಕ್ಕಾಲಿಗೆ ಯಾ‍ವ ಬಸ್ಸು?"

"ಪಾವಗಡದಿಂದ ಮಧುಗಿರಿಗೆ ಒಂದೈತೆ," ಅಂದರು. ಅಂದವರು ಕಿಟಕಿಯ ಕಡೆ ತಿರುಗಿಕೊಂಡರು.

ನಾನು ಅವರ ಸ್ಕ್ರಿಪ್ಟನ್ನು ಮೇಲಿನಿಂದ ಓದಿದೆ. ಹದಿನಾರು ಗುಮಾಸ್ತರಿಗೂ ಒಲೆ ಬೇರೆ ಬೇರೆ, ಸಾರು ಬೇರೆ ಬೇರೆ, ಸರಿ. ಆದರೆ ಕಲ್ಲುಗೋಡೆಯ ಮೇಲೆ ಎಲ್ಲರಿಗೂ ಸೇರಿದ ಒಂದು ಹಲಗೆ ನೇತಾಡುತ್ತಿತ್ತು. ಯಾರೇ ಯಾವ ಬಸ್ಸನ್ನೇ ಕೇಳಲಿ, ಗುಮಾಸ್ತ ಮೊದಲು ಮಾಡಬೇಕಾದ ಕೆಲಸ ಒಂದಿತ್ತು: ಪಾವಗಡದ ನಾಲ್ಕೂ ಮುಕ್ಕಾಲಿನ ಬಸ್ಸು ಎಲ್ಲಿದೆ ಎಂದು ಲೆಕ್ಕ ಹಾಕಿ ಆ ಹಲಗೆಯ ಮೇಲೆ ಬರೆಯುವುದು. ಅದು ಮಧುಗಿರಿಗೆ ಮೊದಲು ಸಿಗುವ ಮಿಡಿಗೇಶಿ ದಾಟಿದ್ದರೆ ಭಾವನ ಸ್ಕ್ರೀನಿನ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಹಚ್ಚುವುದು. ಆಮೇಲೆ ಹಲಗೆ ಒರೆಸಿ, ಕೇಳಿದವರ ಬಸ್ಸನ್ನು ಅದರ ಮೇಲೆಯೇ ಬರೆದು, ನೋಡಿ ಉತ್ತರ ಕೊಡುವುದು. ಒಬ್ಬ ಬರೆದದ್ದನ್ನು ಓದುವುದರೊಳಗೆ ಇನ್ನೊಬ್ಬ ಬಂದು ಒರೆಸಿ ಪಾವಗಡದ್ದು ಬರೆದರೆ, ಪಾವಗಡದ ಬಸ್ಸು ಬರಗೂರಿನವಳ ಪಾಲಿಗೆ!

ನನಗೆ ರೇಗಿಹೋಯಿತು. "ಏನು ಭಾವ ಇದು! ಯಾರೋ ಗೊರವನಹಳ್ಳಿ ಬಸ್ಸು ಕೇಳಿದ್ರೆ ಪಾವಗಡದ ಬಸ್ಸಿಗೆ ಅಲ್ಲೇನು ಕೆಲಸ? ನಾಲ್ಕು ತಾಲ್ಲೂಕಿನ ಜನ ಸಾಲಲ್ಲಿ ನಿಂತಿರೋದು ಇದೊಂದು ಬಸ್ಸಿಗೋಸ್ಕರವಾ? ನನ್ನ ಫಸ್ಟ್ ಪಿಯುಸಿ ಮಕ್ಕಳೂ ಇಂಥ ತಪ್ಪು ಮಾಡಲ್ಲ! ಯಾಕೆ ಬರೆದ್ರಿ ಇದನ್ನ?"

ಭಾವ ಹತ್ತು ಬೆರಳನ್ನೂ ಕೀಲಿಗಳ ಮೇಲೆ ಸರಿಯಾದ ಜಾಗದಲ್ಲಿಟ್ಟುಕೊಂಡು, ಒಂದನ್ನೂ ಒತ್ತದೆ ಕೂತಿದ್ದರು.

"ನಿಮ್ಮಕ್ಕ ಬತ್ತಿದ್ಲಲ್ಲ ಕಣಮ್ಮಿ, ಅದ್ರಾಗೆ," ಅಂದರು.

ಅಕ್ಕ ಪಾವಗಡದಿಂದಾಚೆಗಿನ ಒಂದು ಶಾಲೆಯಲ್ಲಿ ಹನ್ನೊಂದು ವರ್ಷ ಮೇಷ್ಟ್ರಾಗಿದ್ದಳು. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಇನ್‌ಸ್ಟಿಟ್ಯೂಟ್ ಮುಚ್ಚಿ ಮನೆಯಲ್ಲಿ ಕೂತ ಭಾವನಿಗೆ ಸಂಜೆಯಾದರೆ ಒಂದೇ ಚಿಂತೆಯಂತೆ, ಬಸ್ಸು ಎಲ್ಲಿದೆಯೋ. ಅದಕ್ಕೇ ದಪ್ಪ ಪುಸ್ತಕ, ಅದಕ್ಕೇ ಸಿ, ಅದಕ್ಕೇ ಈ ಸರ್ವರ್. ಒಂದು ಬಸ್ಸಿಗೆ ಅಂತ ಮಾಡಿದ್ದು, ಕಟ್ಟಿದ ಮೇಲೆ ಊರಿಗೂ ಆಗಲಿ ಅಂತ ಬಾಗಿಲು ತೆರೆದದ್ದು. ಪ್ರತಿ ಪ್ರಶ್ನೆಗೂ ಲೆಕ್ಕ ಹಾಕಿಸಿದ್ದು ಯಾಕೆಂದರೆ, ಜನ ಕೇಳಿದಷ್ಟೂ ಸಲ ಆ ಬಸ್ಸಿನ ಸುದ್ದಿ ಹೊಸದಾಗುತ್ತಿರಲಿ ಅಂತ.

"ಅಕ್ಕ ರಿಟೈರ್ ಆಗಿ ಮೂರು ವರ್ಷ ಆಯ್ತು ಭಾವ!"

"ಗೊತ್ತು. ಆ ಸಾಲು ಅಳ್ಸಾಕೆ ಕೈ ಬರ್ಲಿಲ್ಲ." ಬಾಗಿಲ ಕಡೆ ಒಮ್ಮೆ ನೋಡಿ ಅಂದರು, "ಅವ್ಳಿಗೆ ಹೇಳ್ಬ್ಯಾಡ. ಹುಚ್ಚು ಅಂತಾಳೆ."

ನನ್ನ ರೇಗಾಟ ಎಲ್ಲಿ ಹೋಯಿತೋ. ನಾನು ಎದ್ದು ನೀರು ಕುಡಿಯುವ ನೆಪದಲ್ಲಿ ಆಚೆ ಹೋದೆ. ವಾಪಸು ಬರುವಷ್ಟರಲ್ಲಿ ಅವರೇ ಆ ಸಾಲುಗಳನ್ನು ಅಳಿಸಿ, ಹಲಗೆಯನ್ನೂ ಕಿತ್ತಿದ್ದರು.

ಶುಕ್ರವಾರ ಭಾವ ಬೆಳಿಗ್ಗೆಯಿಂದ ಉಪವಾಸ. "ಪರೀಕ್ಷೆ ಸರ್ವರಿಗೋ ನಿಮಗೋ? ಉಪ್ಪಿಟ್ಟು ತಿನ್ನಿ," ಅಂತ ಅಕ್ಕ ರೇಗಿದಳು. ಹೀಗೆ ರೇಗಿದವಳು ಅರ್ಧ ಗಂಟೆಯಾದ ಮೇಲೆ ಸರ್ವರಿನ ಮುಂದೆ ಊದುಬತ್ತಿ ಹಚ್ಚುತ್ತಾ ನನ್ನ ಕಣ್ಣಿಗೆ ಬಿದ್ದಳು. "ಉಪ್ಪಿನಕಾಯಿ ಜಾಡಿ ಹುಡುಕ್ತಿದ್ದೆ," ಅಂದಳು! ಹತ್ತು ಗಂಟೆಗೆ ಗೊರವನಹಳ್ಳಿಯ ಭಕ್ತರು ನಾಲ್ಕೂ ದಿಕ್ಕಿನಿಂದ ಕೇಳಲು ಶುರು ಮಾಡಿದರು. ನಾನು ಬಂದ ಪ್ರಶ್ನೆ, ಹೋದ ಉತ್ತರ, ಎರಡನ್ನೂ ಒಂದೊಂದಾಗಿ ತಾಳೆ ನೋಡುತ್ತಾ ಕೂತೆ. ಹನ್ನೆರಡಾಯಿತು, ಎರಡಾಯಿತು, ಕೊನೆಯ ಬಸ್ಸು ತುಂಬಿಕೊಂಡು ಹೊರಟಿತು. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಹೋಗುತ್ತಿತ್ತು, ಒಂದೂ ತಪ್ಪಲಿಲ್ಲ! ಬರಗೂರಿನ ಚಿಕ್ಕ ಸೊಸೆ ತಾನೇ ಫೋನು ಮಾಡಿ, "ಸಾರ್, ಗುಜರಿಗೆ ಹಾಕ್ಬ್ಯಾಡಿ, ಮುಂದಿನ್ವಾರ ನಂಗೆ ಬೇಕು," ಅಂದಳು.

ಇಷ್ಟಾದರೂ ಭಾವನ ಮುಖದಲ್ಲಿ ಕಳೆ ಇರಲಿಲ್ಲ. ಉಪ್ಪಿಟ್ಟು ತಿಂದರು, ಆದರೆ ಉಪ್ಪು ಹೆಚ್ಚೋ ಕಡಿಮೆಯೋ ಏನೂ ಹೇಳಲಿಲ್ಲ. ಸ್ಕ್ರೀನಿನ ಖಾಲಿ ಮೂಲೆಯನ್ನು ನೋಡುತ್ತಾ ಕೂತರು. "ಈಗ್ಯಾಕೇ ಹಿಂಗಿದ್ದಾರೆ? ಗೆದ್ದರಲ್ಲ!" ಅಂತ ಅಕ್ಕ ನನ್ನನ್ನು ಕೇಳಿದಳು. ಭಾವ ಹೇಳಬೇಡ ಅಂದಿದ್ದರು. ನಾನು ಹೇಳಿಬಿಟ್ಟೆ. ನನ್ನ ಹೊಟ್ಟೆಯಲ್ಲಿ ಇಂಥ ಮಾತು ನಿಲ್ಲುವುದಿಲ್ಲ, ಅದು ಭಾವನಿಗೂ ಗೊತ್ತು.

"ಎಷ್ಟೋ ವರ್ಷ ಬಾಗಿಲು ತೆಗೆದ್ರೆ ಕಾಫಿ ಬಿಸಿಯಾಗಿರ್ತಿತ್ತು ಕಣೇ," ಅಂದಳು ಅಕ್ಕ. "ಈವಯ್ಯನಿಗೆ ಕಾಫಿ ಚಟ, ತನಗೆ ಮಾಡ್ಕೊಂಡಿದ್ದರಲ್ಲಿ ಒಂದು ಲೋಟ ನಂಗೂ ಇಟ್ಟವ್ರೆ ಅಂದ್ಕೊಂಡಿದ್ದೆ. ಸಕ್ಕರೆ ಕಮ್ಮಿ ಅಂತ ಬೈದಿದ್ದೀನಿ, ಗೊತ್ತಾ?"

ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಅಕ್ಕ ಇಸ್ತ್ರಿ ಸೀರೆ ಉಟ್ಟು, ಬ್ಯಾಗು ಹಿಡಿದು ನಿಂತಿದ್ದಳು. ಪಾವಗಡಕ್ಕೆ ಹೋಗಿ ಹಳೇ ಶಾಲೆ ನೋಡಿಕೊಂಡು ಬರುತ್ತಾಳಂತೆ.

"ಶನಿವಾರ ಶಾಲೆ ಮಧ್ಯಾಹ್ನಕ್ಕೇ ಮುಗಿಯುತ್ತಲ್ಲೇ! ಒಂದು ಗಂಟೆಗೇ ವಾಪಸು ಬಸ್ಸಿದೆ ಬಿಡು."

"ಅದು ಬ್ಯಾಡ. ಅಲ್ಲೇ ಬಸ್ ಸ್ಟ್ಯಾಂಡಲ್ಲಿ ಕೂತಿದ್ದು ನಾಲ್ಕೂ ಮುಕ್ಕಾಲಿನದಕ್ಕೇ ಬರ್ತೀನಿ," ಅಂದಳು. ಆಮೇಲೆ ದನಿ ತಗ್ಗಿಸಿ, "ಕಾಯೋರಿದ್ದಾರೆ ಅಂತ ಗೊತ್ತಿಲ್ದೆ ಹನ್ನೊಂದು ವರ್ಷ ಬಂದೆ. ಗೊತ್ತಿದ್ದು ಒಂದ್ಸಲ ಬರಬೇಡ್ವೇನೇ?" ಅಂದಳು.

ಭಾವನಿಗೆ ಮಾತ್ರ ಹೋಗುವಾಗ ಬಾಗಿಲಿಂದಲೇ, "ರೀ, ನಾಲ್ಕೂ ಮುಕ್ಕಾಲಿನ ಬಸ್ಸಿಗೆ ಬರ್ತೀನಿ," ಅಂದು ಹೊರಟಳು. ಭಾವ ನನ್ನ ಕಡೆ ತಿರುಗಿದರು. ನಾನು ಸೂರು ನೋಡಿದೆ.

ಮಧ್ಯಾಹ್ನ ಊಟವಾದ ಮೇಲೆ ಭಾವ ಜೇಬಿನಿಂದ ಫೋನು ತೆಗೆದು, ನಾಲ್ಕು ತಾಲ್ಲೂಕಿನ ಉಳಿದೆಲ್ಲರ ಹಾಗೆ, ತಮ್ಮ ಪುಟ ತೆರೆದು ಪಾವಗಡದಿಂದ ಮಧುಗಿರಿಗೆ ಅಂತ ಒತ್ತಿದರು. ತಕ್ಷಣ ಉತ್ತರ ಬಂತು. ಹೊರಡುವುದು ನಾಲ್ಕೂ ಮುಕ್ಕಾಲು, ಮಧುಗಿರಿ ಮುಟ್ಟುವುದು ಆರೂ ಕಾಲು. ಎರಡು ಸಲ ಓದಿಕೊಂಡು, "ಸರಿಯಾಗಿ ಹೇಳ್ತೈತೆ ಕಣಮ್ಮಿ," ಅಂದರು. ಆಮೇಲೆ ಒಳಗೆ ಹೋಗಿ, ತಲೆ ಬಾಚಿ, ಮದುವೆಗಳಿಗೆ ಮಾತ್ರ ಹಾಕುವ ಬಿಳಿ ಅಂಗಿ ಹಾಕಿಕೊಂಡು ಬಂದರು. ಗೋಡೆ ಗಡಿಯಾರದಲ್ಲಿ ಇನ್ನೂ ಎರಡೂವರೆ.

"ಎಲ್ಲಿಗೆ ಭಾವ?"

"ಬಸ್ ಸ್ಟ್ಯಾಂಡಿಗೆ."

"ಬಸ್ಸು ಬರೋದು ಆರೂ ಕಾಲಿಗೆ! ನಿಮ್ಮ ಸರ್ವರೇ ಹೇಳಿತಲ್ಲ, ಈಗ ತಾನೇ!"

"ಗೊತ್ತು ಕಣಮ್ಮಿ," ಅಂದು, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.